ಕೇಳುಗರ ತೀರ್ಪು ಮತ್ತು ಭಕ್ತಿಯ ಹಾಡು

ಟೆಲಿವಿಷನ್ನಿನಲ್ಲಿ ಹೈಸ್ಕೂಲು ವಯಸ್ಸಿನ ಹುಡುಗನೋ ಹುಡುಗಿಯೋ ದೇವರ ಹಾಡೊಂದನ್ನು ಹಾಡಿ ಮುಗಿಸಿದಾಗ, ನೋಡುತ್ತಿದ್ದ ಮನೆಯವರ ಬಾಯಲ್ಲಿ ಮೂರು ಬಗೆಯ ಮಾತು ಬರುತ್ತದೆ. ಶ್ರುತಿ ಚೆನ್ನಾಗಿ ನಿಂತಿತು, ಚರಣದಲ್ಲಿ ತಾಳ ಜಾರಿತು ಎಂಬುದು ಒಂದು. ಕೇಳಿ ಮೈ ಜುಮ್ಮೆಂದಿತು, ಅಥವಾ ಯಾಕೋ ಏನೂ ಅನ್ನಿಸಲಿಲ್ಲ ಎಂಬುದು ಇನ್ನೊಂದು. ಈ ಮಗುವಿಗೆ ಎಂಥ ಭಕ್ತಿ ನೋಡಿ, ಅಥವಾ ಇದೆಲ್ಲ ಕ್ಯಾಮೆರಾ ಮುಂದಿನ ನಾಟಕ ಎಂಬುದು ಮತ್ತೊಂದು. ಮೂರನ್ನೂ ಒಂದೇ ಉಸಿರಿನಲ್ಲಿ ಆಡುವುದರಿಂದ ಮೂರೂ ಒಂದೇ ಜಾತಿಯ ಅಭಿಪ್ರಾಯಗಳಂತೆ ತೋರುತ್ತವೆ. ಆದರೆ ಮೊದಲನೆಯದಕ್ಕೆ ಸಾಕ್ಷಿ ಹಾಡಿನಲ್ಲೇ ಇದೆ. ಇನ್ನೊಬ್ಬರು ಕೇಳಿ ಒಪ್ಪಬಹುದು, ಇಲ್ಲವೆನ್ನಬಹುದು. ಎರಡನೆಯದಕ್ಕೆ ಕೇಳಿದವರ ಮನಸ್ಸೇ ಸಾಕ್ಷಿ; ಅದನ್ನು ಯಾರೂ ಅಲ್ಲಗಳೆಯಲಾರರು, ಇನ್ನೊಬ್ಬರ ಮೇಲೆ ಹೇರಲೂ ಬರುವುದಿಲ್ಲ. ಮೂರನೆಯದರ ಸಾಕ್ಷಿ ಹಾಡಿದವರ ಒಳಗಿದೆ. ಅದು ನೋಡುಗರ ಕೈಗೆ ಸಿಗುವಂಥದ್ದೇ ಅಲ್ಲ. ಹಾಗಿದ್ದೂ ಜನ ಅತ್ಯಂತ ಖಚಿತವಾಗಿ ಹೇಳುವುದು ಈ ಮೂರನೆಯದನ್ನೇ. ಹಾಡಿದವರ ಭಕ್ತಿಯನ್ನು ತೂಗುವ ಅಧಿಕಾರ ಕೇಳುಗನಿಗೆ ಉಂಟೇ ಎಂಬುದು ಇಲ್ಲಿಯ ಪ್ರಶ್ನೆ.

ಈ ಪ್ರಶ್ನೆ ಟಿ.ವಿ. ವಾಹಿನಿಗಳ ಸ್ಟುಡಿಯೋದಲ್ಲಿ ಹುಟ್ಟಿದ್ದಲ್ಲ; ಶಾಲೆಯ ಸ್ಪರ್ಧೆಯಲ್ಲೇ ಅದು ಎದುರಾಗುತ್ತದೆ. ತುಮಕೂರಿನ ಕಡೆಯನ್ನೇ ನೋಡಿ. ತುಮಕೂರು ಕಂದಾಯದ ಲೆಕ್ಕದಲ್ಲಿ ಒಂದೇ ಜಿಲ್ಲೆ. ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಈ ಭಾಗದ ಹಳ್ಳಿಯ ಮಗುವೊಂದು ಮೊದಲ ಬಾರಿಗೆ ತೀರ್ಪುಗಾರರ ಮುಂದೆ ನಿಂತು ಹಾಡುವುದು ಸಾಮಾನ್ಯವಾಗಿ ಈ ಇಲಾಖೆ ನಡೆಸುವ ಪ್ರತಿಭಾ ಕಾರಂಜಿಯಲ್ಲಿ. ಸ್ಪರ್ಧೆ ಕ್ಲಸ್ಟರ್ ಮಟ್ಟದಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಕೊನೆಗೆ ರಾಜ್ಯಕ್ಕೆ ಏರುತ್ತದೆ. ಭಾವಗೀತೆ, ಜನಪದ ಗೀತೆಗಳ ಜತೆಗೆ ಭಕ್ತಿಗೀತೆ, ಸಂಸ್ಕೃತ ಮತ್ತು ಅರೇಬಿಕ್ ಧಾರ್ಮಿಕ ಪಠಣ, ಕವ್ವಾಲಿ ಎಲ್ಲವೂ ಅದರ ಪಟ್ಟಿಯಲ್ಲಿವೆ. ಕ್ಲಸ್ಟರ್ ಮಟ್ಟದಲ್ಲಿ ಅದು ನಡೆಯುವ ರೀತಿ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ. ತರಗತಿಯ ಬೆಂಚುಗಳನ್ನು ಗೋಡೆಗೆ ಸರಿಸಿರುತ್ತಾರೆ. ಬೇರೆ ಬೇರೆ ಶಾಲೆಗಳಿಂದ ಬಂದ ಮೇಷ್ಟರು, ಮೇಡಂಗಳು ಅಂಕಪಟ್ಟಿ ಹಿಡಿದು ಮೇಜಿನ ಹಿಂದೆ ಕೂರುತ್ತಾರೆ. ಶ್ರುತಿಪೆಟ್ಟಿಗೆ ಇಲ್ಲದಿದ್ದರೆ ಯಾರದೋ ಮೊಬೈಲಿನಿಂದ ತಂಬೂರಿಯ ನಾದ ಬರುತ್ತದೆ. ಸಾಹಿತ್ಯ ಬರೆದ ಚೀಟಿ ಅಂಗೈಯ ಬೆವರಿಗೆ ಒದ್ದೆಯಾಗಿರುತ್ತದೆ. ಮಗು ಕಣ್ಣು ಮುಚ್ಚಿ, ಕೈಮುಗಿದು, ತನ್ನನ್ನು ಕಾಪಾಡೆಂದು ದೇವರನ್ನು ಬೇಡುತ್ತದೆ. ಬೇಡಿಕೆ ಮುಗಿದ ಮೇಲೆ ಮೇಜಿನ ಹಿಂದಿನವರು ರಾಗ, ತಾಳ, ಉಚ್ಚಾರ, ಭಾವ ಎಂದು ಅಂಕ ಹಾಕುತ್ತಾರೆ.

ಹಾಡು ಸಂಬೋಧಿಸಿದ್ದು ದೇವರನ್ನು, ಬೆಲೆ ಕಟ್ಟಿದ್ದು ಮನುಷ್ಯರು. ಇದರಲ್ಲಿ ವಿರೋಧ ಇದೆಯೇ? ಪುರಂದರದಾಸರ ಕೀರ್ತನೆಗಳಲ್ಲೇ ಎರಡೂ ಕಡೆಯ ವಾದ ಸಿಗುತ್ತದೆ. ‘ತಾಳ ಬೇಕು ತಕ್ಕ ಮೇಳ ಬೇಕು’ ಎಂಬ ರಚನೆ ಹಾಡುವವನಿಗೆ ಏನೇನು ಇರಬೇಕೆಂದು ಒಂದೊಂದಾಗಿ ಎಣಿಸುತ್ತದೆ. ಆ ಎಣಿಕೆಯಲ್ಲಿ ಶಾಂತವಾದ ಹೊತ್ತಿಗೂ ಕೇಳಬೇಕೆಂಬ ಆಸೆಯುಳ್ಳ ಜನರಿಗೂ ಸ್ಥಾನವಿದೆ; ಅಂದರೆ ಕೇಳುಗ ಇಲ್ಲಿ ಹೊರಗಿನವನಲ್ಲ, ಗಾನದ ಅಂಗಗಳಲ್ಲಿ ಒಬ್ಬ. ‘ಕೇಳನೋ ಹರಿ ತಾಳನೋ’ ಎಂಬ ಇನ್ನೊಂದು ರಚನೆ ತಾಳಮೇಳಗಳೆಲ್ಲ ಸರಿಯಾಗಿದ್ದೂ ಪ್ರೇಮವಿಲ್ಲದಿದ್ದರೆ ಹರಿ ಕಿವಿಗೊಡುವುದಿಲ್ಲ ಎನ್ನುತ್ತದೆ. ಎರಡನ್ನೂ ಜತೆಗಿಟ್ಟು ಓದಿದರೆ ದಾಸರ ನಿಲುವು ಸ್ಪಷ್ಟವಾಗುತ್ತದೆ. ತಾಳ ತಪ್ಪಿದ್ದನ್ನು ಸಭೆ ಹೇಳಬಹುದು. ಪ್ರೇಮ ಇಲ್ಲದ್ದನ್ನು ತಿಳಿಯುವವನು ಹರಿ ಮಾತ್ರ; ಆ ಎರಡನೆಯ ಹಾಡಿನಲ್ಲಿ ಕಿವಿ ಮುಚ್ಚಿಕೊಳ್ಳುವವನು ಅವನೇ ಹೊರತು ಸಭೆಯಲ್ಲ.

ಬಸವಣ್ಣನವರು ಇದಕ್ಕಿಂತ ಮುಂದೆ ಹೋಗುತ್ತಾರೆ. ತಾಳಮಾನದ ಲೆಕ್ಕ, ಛಂದಸ್ಸಿನ ಗಣಗಳ ಲೆಕ್ಕ ಯಾವುದೂ ತಮಗೆ ತಿಳಿಯದೆಂದೂ ದೇವರಿಗೆ ಅದರಿಂದ ಕೇಡಿಲ್ಲವಾದ್ದರಿಂದ ಮನಸ್ಸು ಒಲಿದಂತೆ ಹಾಡುವೆನೆಂದೂ ಅವರ ವಚನವೊಂದು ಹೇಳುತ್ತದೆ. ಮತ್ತೊಂದು ವಚನದಲ್ಲಿ ಶಿವನು ನಾದಕ್ಕೆ ಒಲಿಯುವವನೆಂಬ ಮಾತನ್ನೇ ಅವರು ಒಪ್ಪುವುದಿಲ್ಲ; ನಾದದಿಂದ ಮೆಚ್ಚಿಸಹೊರಟ ರಾವಣನ ಆಯುಸ್ಸು ಅರ್ಧವಾದದ್ದನ್ನು ನೆನಪಿಸಿ, ಶಿವ ಭಕ್ತಿಗೆ ಮಾತ್ರ ಒಲಿಯುತ್ತಾನೆನ್ನುತ್ತಾರೆ. ಹನ್ನೆರಡನೆಯ ಶತಮಾನದ ಈ ನಿಲುವನ್ನು ಅಕ್ಷರಶಃ ಹಿಡಿದರೆ ಭಕ್ತಿಗೀತೆ ಸ್ಪರ್ಧೆಗೆ ಅರ್ಥವೇ ಇಲ್ಲ. ಆದರೆ ವಚನದ ಗುರಿ ಸ್ಪರ್ಧೆಯನ್ನು ನಿಲ್ಲಿಸುವುದಲ್ಲ. ಕಲಾವಂತಿಕೆಯೊಂದಿಗೇ ಭಕ್ತಿ ಬರುತ್ತದೆ ಎಂಬ ಊಹೆಯನ್ನು ಅದು ಕಡಿದುಹಾಕುತ್ತದೆ. ಒಳ್ಳೆಯ ಕಂಠವನ್ನು ಕೇಳಿ ‘ಎಂಥ ಭಕ್ತಿ’ ಎನ್ನುವುದು ಎಷ್ಟು ತಪ್ಪೋ, ಒಡಕು ಕಂಠವನ್ನು ಕೇಳಿ ‘ಭಕ್ತಿಯಿಲ್ಲ’ ಎನ್ನುವುದೂ ಅಷ್ಟೇ ತಪ್ಪು.

ಕೇಳುಗರ ತೀರ್ಪನ್ನು ಶಾಸ್ತ್ರೀಯವಾಗಿ ವಿಂಗಡಿಸಿದ ಹಳೆಯ ಗ್ರಂಥ ಭರತನ ನಾಟ್ಯಶಾಸ್ತ್ರ. ಅದರ 27ನೆಯ ಅಧ್ಯಾಯ ಪೂರ್ತಿ ಪ್ರಯೋಗದ ಸಿದ್ಧಿಯ ಬಗ್ಗೆ, ಅಂದರೆ ಆಟ ಗೆದ್ದಿತೆಂದು ತಿಳಿಯುವುದು ಹೇಗೆ ಎಂಬುದರ ಬಗ್ಗೆ ಇದೆ. ಭರತ ಸಿದ್ಧಿಯಲ್ಲಿ ಮಾನುಷಿ, ದೈವಿಕಿ ಎಂದು ಎರಡು ಬಗೆ ಹೇಳುತ್ತಾನೆ. ನೋಡುಗರು ಮುಗುಳ್ನಗುವುದು, ಗಟ್ಟಿಯಾಗಿ ನಗುವುದು, ಭಲೆ ಎನ್ನುವುದು, ಅಯ್ಯೋ ಎನ್ನುವುದು, ರೋಮಾಂಚಗೊಳ್ಳುವುದು, ಎದ್ದು ನಿಲ್ಲುವುದು, ಬಟ್ಟೆಯನ್ನೋ ಉಂಗುರವನ್ನೋ ರಂಗದ ಮೇಲಕ್ಕೆ ಎಸೆಯುವುದು ಇವೆಲ್ಲ ಮಾನುಷಿ ಸಿದ್ಧಿಯ ಗುರುತುಗಳು. ಇಂದಿನ ಹಾಡಿನ ಸ್ಪರ್ಧೆಗಳಲ್ಲಿ ತೀರ್ಪುಗಾರರು ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ತಟ್ಟುವುದಕ್ಕೆ ಅಷ್ಟು ಹಳೆಯ ಪೂರ್ವಜರಿದ್ದಾರೆ. ದೈವಿಕಿಯ ಲಕ್ಷಣ ಬೇರೆಯೇ. ಸಭೆ ತುಂಬಿರಬೇಕು, ಸದ್ದಿರಬಾರದು, ಗೊಂದಲವಿರಬಾರದು, ಅಪಶಕುನವಿರಬಾರದು. ಮೆಚ್ಚುಗೆಯನ್ನು ಹೊರಗೆ ತೋರಿಸುವ ವ್ಯವಧಾನವೂ ಉಳಿಯದಷ್ಟು ಜನ ಆಟದಲ್ಲಿ ಸೇರಿಹೋದ ಸ್ಥಿತಿ ಅದು. ಎರಡರಲ್ಲಿ ಮೇಲಿನದು ಇದೇ. ಅಭಿಪ್ರಾಯವೇ ಏಳದಿರುವುದು ಅಭಿಪ್ರಾಯಗಳಿಗಿಂತ ದೊಡ್ಡ ಗೆಲುವೆಂದು ಒಂದು ರಂಗಶಾಸ್ತ್ರ ಹೇಳಿರುವುದು ಗಮನಿಸಬೇಕಾದ ಸಂಗತಿ.

ಅದೇ ಅಧ್ಯಾಯದಲ್ಲಿ ತೀರ್ಪುಗಾರರ ವಿಷಯವೂ ಬರುತ್ತದೆ. ಭರತ ಅವರನ್ನು ಪ್ರಾಶ್ನಿಕರೆಂದು ಕರೆಯುತ್ತಾನೆ. ಯಜ್ಞ ಬಲ್ಲವನು, ನರ್ತಕ, ಛಂದಸ್ಸು ತಿಳಿದವನು, ವ್ಯಾಕರಣ ತಿಳಿದವನು, ರಾಜ, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಸಂಗೀತಗಾರ, ರಾಜಸೇವಕ ಹೀಗೆ ಹತ್ತು ಮಂದಿ. ಒಬ್ಬೊಬ್ಬರ ಅಧಿಕಾರ ಒಂದೊಂದಕ್ಕೆ ಸೀಮಿತ. ಯಜ್ಞದ ದೃಶ್ಯ ಸರಿಯೇ ಎಂದು ಹೇಳುವವನು ಯಜ್ಞ ಬಲ್ಲವನು; ಬಾಣ ಹೂಡುವ ನಿಲುವು ಸರಿಯೇ ಎಂದು ಹೇಳುವವನು ಬಿಲ್ಲುಗಾರ. ಪಾತ್ರಧಾರಿಯ ಶೀಲವನ್ನೋ ದೈವಭಕ್ತಿಯನ್ನೋ ಪರೀಕ್ಷಿಸುವ ಹನ್ನೊಂದನೆಯ ಪ್ರಾಶ್ನಿಕ ಈ ಪಟ್ಟಿಯಲ್ಲಿ ಇಲ್ಲ. ಎದುರಾಳಿಗಳು ಅಸೂಯೆಯಿಂದ ಆಟ ಕೆಡಿಸುವುದನ್ನೂ ಭರತ ವಿವರಿಸುತ್ತಾನೆ. ಅವರು ಸಗಣಿ, ಮಣ್ಣುಹೆಂಟೆ ಎಸೆಯುವುದೂ ಅದರಲ್ಲಿ ಬರುತ್ತದೆ. ಅದನ್ನು ಅವನು ಅಭಿಪ್ರಾಯದ ಲೆಕ್ಕಕ್ಕೆ ತೆಗೆದುಕೊಳ್ಳದೆ ವಿಘ್ನವೆಂದು ಬೇರೆ ಇಡುತ್ತಾನೆ. ಸಾಮಾಜಿಕ ಜಾಲತಾಣಗಳಲ್ಲಿ ಎಳೆಯ ಗಾಯಕರ ಮೇಲೆ ಬೀಳುವ ಬೈಗುಳಕ್ಕೂ ಈ ವಿಂಗಡಣೆ ಚೆನ್ನಾಗಿ ಹೊಂದುತ್ತದೆ.

ಮಾನುಷಿ ಸಿದ್ಧಿಯನ್ನು ಕಣ್ಣಾರೆ ನೋಡಬೇಕಾದರೆ ಮಧುಗಿರಿ, ಕೊರಟಗೆರೆ ಕಡೆಯ ಊರುಗಳಲ್ಲಿ ಆಡುವ ಪೌರಾಣಿಕ ನಾಟಕಕ್ಕಿಂತ ಒಳ್ಳೆಯ ಜಾಗವಿಲ್ಲ. ಬೆಳೆ ಮನೆಗೆ ಬಂದ ಮೇಲೆ ಅಥವಾ ಜಾತ್ರೆಯ ಸಮಯದಲ್ಲಿ ‘ಕುರುಕ್ಷೇತ್ರ’ ಆಡಿಸುತ್ತಾರೆ. ಡ್ರಾಮಾ ಮೇಷ್ಟರು ಹಾರ್ಮೋನಿಯಂ ಮುಂದೆ ಕೂತು ತಿಂಗಳುಗಟ್ಟಲೆ ಹಾಡು ಕಲಿಸಿರುತ್ತಾರೆ. ಪಾತ್ರಧಾರಿಗಳು ಸಂಭಾವನೆ ಪಡೆಯುವುದಿರಲಿ, ಪಾತ್ರಕ್ಕೆ ತಾವೇ ಹಣ ಕಟ್ಟುತ್ತಾರೆ. ಕೃಷ್ಣ, ದುರ್ಯೋಧನರ ಪಾತ್ರಕ್ಕೆ ಹೆಚ್ಚು. ಕೃಷ್ಣನ ಹಾಡು ಹಿಡಿಸಿದರೆ ಒನ್ಸ್ ಮೋರ್ ಕೂಗು ಏಳುತ್ತದೆ, ಹಾಡು ಮತ್ತೆ ಶುರುವಾಗುತ್ತದೆ. ಮಾವನೋ ಭಾವನೋ ವೇದಿಕೆ ಹತ್ತಿ ನೋಟಿನ ಹಾರ ಹಾಕುತ್ತಾನೆ. ಹಾರ ಹಾಕುವವನಿಗೆ ಆ ಹೊತ್ತಿನಲ್ಲಿ ಎದುರಿಗಿರುವುದು ತನ್ನ ನೆಂಟನೂ ಹೌದು, ಕೃಷ್ಣನೂ ಹೌದು. ಕೆಲವರು ಹಾರ ಹಾಕಿ ಕಾಲಿಗೂ ಬೀಳುತ್ತಾರೆ. ಬೆಳಗಾದರೆ ಅದೇ ಕೃಷ್ಣ ಹೊಲಕ್ಕೆ ಹೋಗುತ್ತಾನೆ. ಅವನು ನಿಜವಾಗಿ ಭಕ್ತನೇ ಎಂದು ಊರಿನಲ್ಲಿ ಯಾರೂ ಕೇಳುವುದಿಲ್ಲ. ಹಾಡಿನ ಹೊತ್ತಿಗೆ ಕೃಷ್ಣ ಬಂದಿದ್ದ, ಅಷ್ಟು ಸಾಕು. ಓದು ಬರಹವಿಲ್ಲದವರಲ್ಲೂ ಮಾತಿನ, ಕಾವ್ಯದ ಮರ್ಮ ಹಿಡಿಯುವ ಶಕ್ತಿ ಇದೆಯೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಜನರ ಬಗ್ಗೆ ಹೇಳಿದ್ದನ್ನು ಈ ನಾಟಕಗಳ ಮುಂದೆ ಕೂತ ಜನ ಇಂದಿಗೂ ನಿಜ ಮಾಡುತ್ತಿದ್ದಾರೆ.

ಶಿರಾ ತಾಲ್ಲೂಕಿನಲ್ಲಿ ಇದಕ್ಕಿಂತ ಭಿನ್ನವಾದ ಇನ್ನೊಂದು ಕೇಳ್ಮೆ ಇದೆ. ಕಾಡುಗೊಲ್ಲರ ವೀರ ಜುಂಜಪ್ಪನ ಕಥೆಯನ್ನು ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲಿನೊಂದಿಗೆ ಹಾಡುತ್ತಾರೆ. ಕಳುವರಹಳ್ಳಿಯ ಜುಂಜಪ್ಪನ ಗುಡ್ಡ ಆ ಪರಂಪರೆಯ ನೆಲೆ. ಗಣೆ ಅವರಿಗೆ ವಾದ್ಯ ಮಾತ್ರವಲ್ಲ, ಪೂಜೆಯ ವಸ್ತು. ಅಲ್ಲಿ ಹಾಡುವುದು ಆಚರಣೆಯ ಭಾಗ. ಚೆನ್ನಾಗಿತ್ತೇ ಎಂದು ಕೇಳುವ ಪ್ರಶ್ನೆ ಪೂಜೆ ಚೆನ್ನಾಗಿತ್ತೇ ಎಂದು ಕೇಳಿದಂತೆ ಆಗುತ್ತದೆ. ಅದೇ ಹಾಡನ್ನು ಪ್ರತಿಭಾ ಕಾರಂಜಿಯ ಜನಪದ ಗೀತೆ ವಿಭಾಗಕ್ಕೆ ತಂದರೆ ಅಂಕ ಬೀಳುತ್ತದೆ. ಹಾಡು ಬದಲಾಗಲಿಲ್ಲ, ಕೇಳುವವರ ಕೆಲಸ ಬದಲಾಯಿತು.

ಟೆಲಿವಿಷನ್ ಬಂದ ಮೇಲೆ ಕೇಳುವವರ ಕೆಲಸ ಮತ್ತೊಮ್ಮೆ ಬದಲಾಯಿತು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಈಟಿವಿ ಕನ್ನಡದಲ್ಲಿ ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮವನ್ನು ಕನ್ನಡದ ಮನೆಗಳು ಬಹಳ ಪ್ರೀತಿಯಿಂದ ನೋಡಿದವು. ಮಗು ತಪ್ಪಿದ ಜಾಗವನ್ನು ಅವರು ತಾವೇ ಹಾಡಿ ತೋರಿಸುತ್ತಿದ್ದರು. ಅಲ್ಲಿ ತೀರ್ಪಿಗಿಂತ ಪಾಠ ಹೆಚ್ಚಾಗಿತ್ತು. ಹೆಸರಿನ ಮೂಲ ಜಿ.ಎಸ್. ಶಿವರುದ್ರಪ್ಪನವರ ಪ್ರಸಿದ್ಧ ಕವಿತೆ. ಜನ ಕುಳಿತು ಕೇಳಿದರೆ ಅದೇ ಹಾಡುವವನಿಗೆ ಬಹುಮಾನ, ಬಿರುದುಗಳ ಅಗತ್ಯವಿಲ್ಲ ಎಂಬುದು ಆ ಕವಿತೆಯ ಆಶಯ. ಜೀ ಕನ್ನಡದ ‘ಸರಿಗಮಪ’ ಮತ್ತು ಅದರ ಮಕ್ಕಳ ಆವೃತ್ತಿಯಾದ ‘ಲಿಟಲ್ ಚಾಂಪ್ಸ್’ ಬರುವ ಹೊತ್ತಿಗೆ ಸ್ಪರ್ಧೆಯ ಕಟ್ಟಡ ದೊಡ್ಡದಾಗಿತ್ತು. ಹಾಡಿಗೆ ಮೊದಲು ಸ್ಪರ್ಧಿಯ ಊರು, ಮನೆ, ಅಪ್ಪನ ಕೆಲಸ, ಅಮ್ಮನ ಕಣ್ಣೀರು ತೆರೆಯ ಮೇಲೆ ಬರುತ್ತವೆ. ಹಾಡು ಆಮೇಲೆ. ಕೆಲವು ಹಂತಗಳಲ್ಲಿ ನೋಡುಗರ ಮತವೂ ಸೇರುತ್ತದೆ. ಕೇಳುಗ ಈಗ ಒಂದು ಬದುಕನ್ನು ನೋಡಿ, ಒಂದು ಹಾಡನ್ನು ಕೇಳಿ, ಎರಡಕ್ಕೂ ಸೇರಿಸಿ ಒಂದೇ ಮತ ಹಾಕಬೇಕು.

2018-19ರ ಆವೃತ್ತಿಯಲ್ಲಿ ಹಾವೇರಿ ಜಿಲ್ಲೆಯ ಚಿಲ್ಲೂರು ಬಡ್ನಿಯ ಕುರಿಗಾಹಿ ಹನುಮಂತ ರನ್ನರ್ ಅಪ್ ಆದಾಗ ಈ ಬೆಸುಗೆ ಎಲ್ಲರ ಕಣ್ಣಿಗೆ ಬಿತ್ತು. ಜನಪದ ಗೀತೆಯ ಹದವಾದ ದನಿಗೆ ಜನ ಮತ ಹಾಕಿದರೋ, ಅವರ ಮುಗ್ಧತೆಗೆ ಹಾಕಿದರೋ ಎಂದು ಮನೆಮನೆಯಲ್ಲಿ ಚರ್ಚೆ ನಡೆಯಿತು. ಮಧುಗಿರಿಯ ಉದಾಹರಣೆ ಇನ್ನೂ ಹತ್ತಿರದ್ದು. ದೇವಸ್ಥಾನದ ಬಳಿ ಹಾಡಿ, ಬಂದವರು ಕೊಟ್ಟದ್ದರಿಂದ ಬದುಕುತ್ತಿದ್ದ ಇಬ್ಬರು ಅಂಧ ಸಹೋದರಿಯರು 2020ರಲ್ಲಿ ‘ಸರಿಗಮಪ’ ವೇದಿಕೆಗೆ ಬಂದರು. ನಾಡಿನ ಜನ ಮಿಡಿದರು. ನಟ ಜಗ್ಗೇಶ್ ಮುಂದೆ ನಿಂತು ಅವರಿಗೆ ಮನೆ ಕಟ್ಟಿಸಿಕೊಟ್ಟರು. ನೋಡುಗರ ಭಾವನೆಯಿಂದ ಇಷ್ಟು ನೇರವಾದ ಒಳಿತು ಆದದ್ದನ್ನು ಯಾರೂ ಕಡೆಗಣಿಸಬಾರದು. ಅದೇ ಸಹೋದರಿಯರು ಅದೇ ಊರಿನಲ್ಲಿ ಹಾಡುತ್ತಿದ್ದಾಗ ಹಾದುಹೋಗುವವರು ಚಿಲ್ಲರೆ ಹಾಕಿ ಮುಂದೆ ನಡೆಯುತ್ತಿದ್ದರು ಎಂಬುದೂ ಅಷ್ಟೇ ನಿಜ.

ಕರುಣೆ ಕಲೆಯ ತೀರ್ಪಿಗೆ ಅಡ್ಡಿಯೇ? ಸುಮಾರು ಸಾವಿರ ವರ್ಷದ ಹಿಂದೆ ಕಾಶ್ಮೀರದಲ್ಲಿ ನಾಟ್ಯಶಾಸ್ತ್ರಕ್ಕೆ ‘ಅಭಿನವಭಾರತೀ’ ವ್ಯಾಖ್ಯಾನ ಬರೆದ ಅಭಿನವಗುಪ್ತ ರಸಾನುಭವಕ್ಕೆ ಬರುವ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲಿ ಒಂದು, ಎದುರಿಗಿರುವ ಸುಖದುಃಖ ಇಂಥ ಒಬ್ಬನದು, ಇಂಥ ಊರಿನದು, ಇಂಥ ಕಾಲದ್ದು ಎಂಬುದರಲ್ಲೇ ಮನಸ್ಸು ಸಿಕ್ಕಿಕೊಳ್ಳುವುದು. ಮತ್ತೊಂದು, ಕೇಳುಗ ತನ್ನದೇ ಸುಖದುಃಖದಲ್ಲಿ ಮುಳುಗಿ ಬೇರೆಯದಕ್ಕೆ ತೆರೆದುಕೊಳ್ಳದಿರುವುದು. ಎರಡನೆಯದಕ್ಕೆ ಅವನು ಸೂಚಿಸುವ ಪರಿಹಾರಗಳಲ್ಲಿ ಸಂಗೀತವೂ ಒಂದು. ಗಾನ, ವಾದ್ಯಗಳು ಕೇಳುಗನನ್ನು ತನ್ನ ಚಿಂತೆಯಿಂದ ಹೊರಗೆ ಎಳೆಯುತ್ತವೆ. ಶೋಕ ಇವನದು, ಅವನದು ಎಂಬ ಗುರುತು ಕಳಚಿ ಎಲ್ಲರ ಶೋಕವಾದಾಗಲೇ ಅದು ಕರುಣರಸ. ಈ ಕಡೆಯಿಂದ ನೋಡಿದರೆ ಹಾಡಿಗೆ ಮೊದಲು ಬಡತನದ ಕಥೆ ತೋರಿಸುವುದು ಕಳಚಬೇಕಾದ ಗುರುತನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿದಂತಾಯಿತು. ನೋಡುಗ ಅಳುತ್ತಾನೆ, ಆದರೆ ಆ ಕಣ್ಣೀರು ಹಾಡಿನಿಂದ ಬಂದದ್ದಲ್ಲ.

ಶರಣರ ಕಡೆಯಿಂದ ಇದಕ್ಕೆ ಬಲವಾದ ಆಕ್ಷೇಪ ಬರುತ್ತದೆ. ನುಡಿಗೆ ತಕ್ಕ ನಡೆ ಇಲ್ಲದಿದ್ದರೆ ನುಡಿಗೆ ಬೆಲೆಯಿಲ್ಲ ಎಂಬುದು ವಚನಕಾರರ ಮೂಲ ನಂಬಿಕೆ. ಹಾಡಿದವರ ಬದುಕನ್ನು ಬದಿಗಿಟ್ಟು ಹಾಡನ್ನು ಮಾತ್ರ ಸವಿಯಿರಿ ಎಂದರೆ ಅವರು ಒಪ್ಪುವುದಿಲ್ಲ. ದೇವಸ್ಥಾನದ ಬಳಿ ವರ್ಷಗಟ್ಟಲೆ ಹಾಡಿದ ಇಬ್ಬರು ಹೆಣ್ಣುಮಕ್ಕಳ ಕಂಠದಲ್ಲಿ ಆ ವರ್ಷಗಳೂ ಇವೆ. ಅವನ್ನು ತೆಗೆದು ಕೇಳಲು ಬರುವುದಿಲ್ಲ. ಈ ಆಕ್ಷೇಪ ಸರಿಯಾದದ್ದೇ. ಆದರೆ ಅದನ್ನು ಯಾರ ಕಡೆಗೆ ತಿರುಗಿಸಬೇಕೆಂಬುದರಲ್ಲಿ ಜನ ಎಡವುತ್ತಾರೆ. ನಡೆ ನುಡಿ ಒಂದಾಗಿರಬೇಕೆಂಬ ವಚನದ ಮಾತು ಮುಖ್ಯವಾಗಿ ಹೇಳಿಕೊಳ್ಳುವವನ ಆತ್ಮಪರೀಕ್ಷೆ. ಲೋಕದ ಡೊಂಕನ್ನು ತಿದ್ದುವ ಮೊದಲು ತನ್ನನ್ನು ಸಂತೈಸಿಕೊಳ್ಳಬೇಕೆಂದು ಬಸವಣ್ಣನವರೇ ಬೇರೊಂದು ಕಡೆ ಹೇಳಿದ್ದಾರೆ. ಸೋಫಾದಲ್ಲಿ ಕೂತ ನೋಡುಗ ಅದೇ ಅಳತೆಗೋಲನ್ನು ಹದಿನಾಲ್ಕು ವರ್ಷದ ಹುಡುಗಿಯ ಮೇಲೆ ಇಟ್ಟು, ಇವಳಿಗೆ ಭಕ್ತಿಯಿಲ್ಲ, ಬರೀ ಪ್ರಚಾರ ಎಂದರೆ, ಶರಣರು ತಮಗೆ ಹಾಕಿಕೊಂಡ ನಿಯಮವನ್ನು ಅವನು ಬೇರೆಯವರ ಮೇಲೆ ಹಾಕಿದ ಹಾಗೆ ಆಯಿತು. ಬದುಕಿನ ಕಥೆ ತಿಳಿದು ನೆರವಾಗುವುದು ಒಂದು ಕೆಲಸ, ಹಾಡನ್ನು ತೂಗುವುದು ಇನ್ನೊಂದು. ಸಹೋದರಿಯರಿಗೆ ಮನೆ ಬೇಕಿತ್ತು, ಅದು ಬಂತು. ಮನೆ ಬರಲು ಅವರು ಸ್ಪರ್ಧೆಯಲ್ಲಿ ಗೆಲ್ಲಬೇಕಾಗಿ ಬರಲಿಲ್ಲ. ಈ ಎರಡನ್ನು ಬೇರೆ ಬೇರೆ ಇಟ್ಟಾಗ ಎರಡೂ ಶುದ್ಧವಾಗಿ ಉಳಿಯುತ್ತವೆ.

ಮೂರನೆಯ ಬಗೆಯ ತೀರ್ಪು ಅತ್ಯಂತ ಕಟುವಾಗಿ ಹೊರಬಿದ್ದದ್ದು 2017ರ ಮಾರ್ಚಿನಲ್ಲಿ. ಶಿವಮೊಗ್ಗ ಜಿಲ್ಲೆಯ ಸಾಗರದ ಸುಹಾನಾ ಸೈಯದ್ ‘ಸರಿಗಮಪ’ದಲ್ಲಿ ಹಿಜಾಬ್ ಧರಿಸಿ, ಶ್ರೀನಿವಾಸನನ್ನು ಸ್ತುತಿಸುವ ‘ಗಜ’ ಚಿತ್ರದ ಗೀತೆ ಹಾಡಿದರು. ತೀರ್ಪುಗಾರರು ಮೆಚ್ಚಿದರು. ಅದಾದ ಬೆನ್ನಿಗೆ ಸಾಮಾಜಿಕ ಜಾಲತಾಣದಲ್ಲಿ, ಮುಸ್ಲಿಂ ಹೆಣ್ಣುಮಗಳು ಗಂಡಸರ ಮುಂದೆ ಹಾಡಿದ್ದೇ ತಪ್ಪು, ಅದರಲ್ಲೂ ಹಿಂದೂ ದೇವರ ಹಾಡು ಹಾಡಿದ್ದು ಇನ್ನೂ ತಪ್ಪು ಎಂಬ ನಿಂದನೆ ಹರಿಯಿತು. ಬೆಂಬಲಿಸಿದವರ ಸಂಖ್ಯೆಯೂ ದೊಡ್ಡದಿತ್ತು. ಆದರೆ ಬೆಂಬಲಿಸಿದವರಲ್ಲೂ ಅನೇಕರು ಹಾಡಿನ ಬಗ್ಗೆ ಮಾತಾಡಲಿಲ್ಲ, ಅವರನ್ನು ಒಂದು ಸಂಕೇತವಾಗಿ ಮಾಡಿದರು. ನಿಂದಿಸಿದವರೂ ಹೊಗಳಿದವರೂ ಒಂದೇ ಕಡೆ ನೋಡುತ್ತಿದ್ದರು: ಹಾಡಿದವರ ಧರ್ಮದ ಕಡೆ. ಶ್ರುತಿಯ ಬಗ್ಗೆ, ಹಾಡಿನ ಬಗ್ಗೆ ಬಂದ ಮಾತು ಕಡಿಮೆ. ಇಪ್ಪತ್ತರ ಆಸುಪಾಸಿನ ಗಾಯಕಿಗೆ ಈ ಹೊರೆ ನ್ಯಾಯವಾದದ್ದಲ್ಲ.

ಇದಕ್ಕೆ ಉತ್ತರವು ಕನ್ನಡ ನಾಡಿನ ಹಾಡಿನ ಇತಿಹಾಸದಲ್ಲೇ ಇದೆ. 1580ರಿಂದ 1627ರವರೆಗೆ ವಿಜಯಪುರವನ್ನಾಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ್ ‘ಕಿತಾಬ್-ಎ-ನೌರಸ್’ ಎಂಬ ಗೀತಸಂಗ್ರಹ ರಚಿಸಿದ. ಅದರಲ್ಲಿ ಸರಸ್ವತಿಯ, ಗಣಪತಿಯ ಸ್ತುತಿಗಳಿವೆ. ಶಿಶುನಾಳದ ಶರೀಫರು (1819-1889) ಬ್ರಾಹ್ಮಣ ಗುರು ಗೋವಿಂದ ಭಟ್ಟರ ಶಿಷ್ಯರಾಗಿ ತತ್ತ್ವಪದಗಳನ್ನು ಹಾಡಿದರು. ಅವು ಮಠ, ಮಸೀದಿ ಎರಡರ ಅಂಗಳದಲ್ಲೂ ಕೇಳಿಬಂದವು. ಉತ್ತರ ಕರ್ನಾಟಕದ ಮೊಹರಂನಲ್ಲಿ ಅಲಾಯಿ ದೇವರ ಮುಂದೆ ರಿವಾಯತ್ ಪದ ಹಾಡುವವರಲ್ಲಿ ಹಿಂದೂಗಳು ಬಹಳ. ಪ್ರತಿಭಾ ಕಾರಂಜಿಯ ಕವ್ವಾಲಿ ತಂಡದಲ್ಲೂ ತರಗತಿಯ ಮಕ್ಕಳು ಧರ್ಮ ನೋಡದೆ ಸೇರಿಕೊಳ್ಳುವುದುಂಟು. ಅವರಿಗೆ ಅದರಲ್ಲಿ ಕೈಚಪ್ಪಾಳೆಯ ಲಯ, ಗುಂಪಿನ ಹುರುಪು ಮುಖ್ಯ. ಇಷ್ಟು ಜನ ಬೇರೆ ಬೇರೆ ಕಾರಣಕ್ಕೆ ಬೇರೆ ಬೇರೆ ದೇವರನ್ನು ಹಾಡಿದ್ದಾರೆ. ಅವರಲ್ಲಿ ಯಾರು ಎಷ್ಟು ನಂಬಿ ಹಾಡಿದರೆಂದು ಅಳೆಯುವ ಉಪಕರಣ ಯಾರ ಬಳಿಯೂ ಇರಲಿಲ್ಲ. ಅವರ ಕಾಲದ ಕೇಳುಗರು ಅದಿಲ್ಲದೆಯೇ ಕೇಳಿದರು.

ನಂಬಿಕೆಯೇ ಇಲ್ಲದವರ ಹಾಡಿನ ಮಾತೇನು? ಈ ಅಂಚಿನ ಪ್ರಶ್ನೆಯನ್ನು ಅಮೆರಿಕದ ಒಂದು ಸಂಗೀತ ಧಾರಾವಾಹಿ ನೇರವಾಗಿ ಎತ್ತಿಕೊಂಡಿತು. 2009ರಿಂದ 2015ರವರೆಗೆ ಫಾಕ್ಸ್ ವಾಹಿನಿಯಲ್ಲಿ ಬಂದ ‘ಗ್ಲೀ’ ಒಹಾಯೊ ರಾಜ್ಯದ ಲೈಮಾ ಊರಿನ ಹೈಸ್ಕೂಲೊಂದರ ಹಾಡುವ ಮಕ್ಕಳ ಕಥೆ. 2010ರ ಅಕ್ಟೋಬರ್ 5ರಂದು ಪ್ರಸಾರವಾದ ಕಂತಿನಲ್ಲಿ ಕರ್ಟ್ ಎಂಬ ಹುಡುಗನ ತಂದೆಗೆ ಹೃದಯಾಘಾತವಾಗುತ್ತದೆ. ಗೆಳೆಯರು ದೇವರ ಹಾಡು ಹಾಡಿ ಪ್ರಾರ್ಥಿಸಹೊರಟರೆ, ದೇವರಲ್ಲಿ ನಂಬಿಕೆಯಿಲ್ಲದ ಕರ್ಟ್ ಅದನ್ನು ಬೇಡವೆನ್ನುತ್ತಾನೆ. ಅದೇ ಹುಡುಗ ತಂದೆಗಾಗಿ ಬೀಟಲ್ಸ್ ತಂಡದ ಒಂದು ಪ್ರೇಮಗೀತೆಯನ್ನು ಹಾಡುತ್ತಾನೆ. ಆಮೇಲೆ ಗೆಳತಿಯೊಬ್ಬಳ ಒತ್ತಾಯಕ್ಕೆ ಚರ್ಚಿಗೆ ಹೋಗಿ ಕೂರುತ್ತಾನೆ, ಆದರೆ ನಂಬಿಕೆ ಬದಲಿಸುವುದಿಲ್ಲ. ನೋಡುಗರ ಅಭಿಪ್ರಾಯ ಇಬ್ಭಾಗವಾಯಿತು. ಧಾರಾವಾಹಿ ಧರ್ಮವನ್ನು ಲೇವಡಿ ಮಾಡಿತೆಂದು ಕೆಲವರಿಗೆ, ನಂಬುವವರು, ನಂಬದವರು ಇಬ್ಬರ ಮಾತಿಗೂ ಜಾಗ ಕೊಟ್ಟಿತೆಂದು ಕೆಲವರಿಗೆ ಅನ್ನಿಸಿತು. ದೇವರ ಹೆಸರೇ ಇಲ್ಲದ ಆ ಪ್ರೇಮಗೀತೆ ಪ್ರಾರ್ಥನೆಗೆ ಅತ್ಯಂತ ಹತ್ತಿರ ಬರುತ್ತದೆ. ಅಪ್ಪನ ಕೈ ಹಿಡಿಯಬೇಕೆಂಬ ಮಗನ ಹಂಬಲವೇ ಅಲ್ಲಿ ಹಾಡಾಗಿದೆ. ಪ್ರೇಮವಿಲ್ಲದ ಗಾನವನ್ನು ಹರಿ ಕೇಳನೆಂಬ ಪುರಂದರದಾಸರ ಮಾತನ್ನು ಈ ದೃಶ್ಯದ ಪಕ್ಕದಲ್ಲಿಟ್ಟರೆ, ಪ್ರೇಮವಿರುವ ಗಾನ ದೇವರ ಹೆಸರು ಹೇಳದಿದ್ದರೂ ಅವನ ಕಿವಿಗೆ ಬೀಳುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ. ಆಸ್ತಿಕ ದರ್ಶನಗಳಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ. ನಾಮವೇ ಮುಖ್ಯವೆಂಬ ಪಂಥಗಳು ಇಲ್ಲವೆನ್ನುತ್ತವೆ. ಭಾವವೇ ಮುಖ್ಯವೆನ್ನುವವರು ಹೌದೆನ್ನುತ್ತಾರೆ. ಎರಡರಲ್ಲೂ ಉತ್ತರ ಹೇಳಬೇಕಾದವನು ದೇವರು ಎಂಬುದು ಮಾತ್ರ ಸಮಾನ.

ಅಭಿಪ್ರಾಯ ಹೇಳುವುದೂ ಒಂದು ಕರ್ಮ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಮಾತಿನ ತಪಸ್ಸನ್ನು ವಿವರಿಸುವಾಗ ಇನ್ನೊಬ್ಬರಲ್ಲಿ ಉದ್ವೇಗ ಹುಟ್ಟಿಸದ, ನಿಜವಾದ, ಪ್ರಿಯವೂ ಹಿತವೂ ಆದ ಮಾತು ಎನ್ನುತ್ತದೆ. ನಿಜ ಎಂಬ ಷರತ್ತು ಅಲ್ಲಿ ಬಿಟ್ಟುಹೋಗಿಲ್ಲ. ಮಗು ಹಾಡಿದ್ದೆಲ್ಲ ಅದ್ಭುತವೆಂದು ಹೊಗಳುವ ತೀರ್ಪುಗಾರನೂ ಆ ತಪಸ್ಸಿನಿಂದ ಜಾರಿದವನೇ. ಶ್ರುತಿ ಜಾರಿದ್ದನ್ನು ಹೇಳಿದರೆ ಮಗುವಿಗೆ ಮಾಡಲು ಕೆಲಸ ಸಿಗುತ್ತದೆ: ಮುಂಜಾನೆ ಎದ್ದು ಸಾಧಕ ಮಾಡಬಹುದು, ಮೇಷ್ಟರನ್ನು ಕೇಳಬಹುದು, ಮುಂದಿನ ಸಲ ತಿದ್ದಿಕೊಳ್ಳಬಹುದು. ನನಗೆ ಮುಟ್ಟಲಿಲ್ಲ ಎಂದರೆ ಅದು ಬೇಸರ ತರಬಹುದು, ಆದರೆ ಮಗುವಿನ ಒಳಗನ್ನು ಅದು ಮುಟ್ಟುವುದಿಲ್ಲ. ನಿನಗೆ ಭಕ್ತಿಯಿಲ್ಲ, ನಿನ್ನದು ನಾಟಕ ಎಂದಾಗ ಅದನ್ನು ತಪ್ಪೆಂದು ತೋರಿಸುವ ದಾರಿಯೂ ತಿದ್ದಿಕೊಳ್ಳುವ ದಾರಿಯೂ ಮಗುವಿಗಿಲ್ಲ. ಇನ್ನೂ ತನ್ನ ನಂಬಿಕೆಯನ್ನು ತಾನೇ ಹುಡುಕುತ್ತಿರುವ ವಯಸ್ಸಿನಲ್ಲಿ, ಆ ಹುಡುಕಾಟ ಮುಗಿಯುವ ಮೊದಲೇ ಅದರ ಫಲಿತಾಂಶವನ್ನು ಹೊರಗಿನವರು ಘೋಷಿಸಿಬಿಡುತ್ತಾರೆ. ಪ್ರತಿಭಾ ಕಾರಂಜಿಯ ಅಂಕಪಟ್ಟಿಯಲ್ಲಿ ‘ಭಾವ’ ಎಂಬ ಅಂಕಣಕ್ಕೂ ಇದೇ ಎಚ್ಚರ ಬೇಕು. ಸಾಹಿತ್ಯದ ಅರ್ಥ ತಿಳಿದು ಹಾಡಿದೆಯೇ, ಒತ್ತು ಬೀಳಬೇಕಾದ ಮಾತಿಗೆ ಒತ್ತು ಬಿತ್ತೇ ಎಂಬಷ್ಟನ್ನು ಆ ಅಂಕಣ ಹಿಡಿಯಬಲ್ಲದು, ಅದರಾಚೆಗೆ ಇಲ್ಲ.

ಟೆಲಿವಿಷನ್ನಿನಲ್ಲಿ ಹಾಡುವ ಮಕ್ಕಳ ಕಾಳಜಿಗೆ ಕಾನೂನೂ ಇದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ 14 ವರ್ಷ ತುಂಬದ ಮಕ್ಕಳು ಕಲಾವಿದರಾಗಿ ಭಾಗವಹಿಸಲು ಅವಕಾಶ ಕೊಟ್ಟು, ಶಾಲೆ ತಪ್ಪಬಾರದೆಂಬ ಷರತ್ತು ಹಾಕಿತು. 2017ರ ನಿಯಮಗಳ ಪ್ರಕಾರ ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವಿಲ್ಲದೆ 3 ಗಂಟೆ ಮೀರುವಂತಿಲ್ಲ, ಸಂಪಾದನೆಯ ಕನಿಷ್ಠ ಶೇ. 20ರಷ್ಟನ್ನು ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು, ಮಗುವಿನ ಇಷ್ಟಕ್ಕೆ ವಿರುದ್ಧವಾಗಿ ಭಾಗವಹಿಸುವಂತೆ ಮಾಡಬಾರದು. ಹೊತ್ತು, ಹಣ, ಓದು, ಒಪ್ಪಿಗೆ ಇವೆಲ್ಲ ಅದರಲ್ಲಿ ಬಂದವು; ಕೇಳುಗರ ಮಾತು ಬರಲಿಲ್ಲ. ಎಂಟನೆಯ ತರಗತಿಯ ಮಗುವಿಗೆ ಅನ್ವಯಿಸುವ ಈ ರಕ್ಷಣೆ ಒಂಬತ್ತು, ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಬಹುಪಾಲು ಮಕ್ಕಳಿಗೆ ತಪ್ಪಿಹೋಗುತ್ತದೆ, ಅಷ್ಟರಲ್ಲಿ ಅವರಿಗೆ 14 ತುಂಬಿರುತ್ತದೆ. ಅಲ್ಲಿಂದ ಮುಂದೆ ಅವರ ಹಾಡಿನ ಬಗ್ಗೆ, ಅವರ ದೇವರ ಬಗ್ಗೆ ಊರೆಲ್ಲ ಆಡುವ ಮಾತಿಗೆ ಎದುರಾಗಿ ನಿಲ್ಲಬೇಕಾದವರು ಮನೆಯವರು ಮತ್ತು ಹಾಡು ಕಲಿಸಿದ ಮೇಷ್ಟರು.